ಬೆಂಚುಗಳು ಬಂದ ಮೇಲೆ

೧೨ ಸೆಪ್ಟೆಂಬರ್ ೧೯೩೪, ಬುಧವಾರ. ಬೆಳಗ್ಗೆ

ದಿಂಬಿನ ಚೀಲ ಮತ್ತೆ ಒಗೆದು ಹಾಕಿದೆ. ಒಣಗುವಷ್ಟರಲ್ಲಿ ಮತ್ತೆ ಬೂದು. ಕಾರ್ಖಾನೆಯ ಹೊಗೆ ನಮ್ಮ ಹಿತ್ತಿಲಿಗೇ ದಾರಿ ಕೇಳಿಕೊಂಡು ಬರುತ್ತದೆ. ಬೆಂಗಳೂರಿನ ಬೋರ್ಡಿಂಗ್ ಶಾಲೆಯಲ್ಲಿ ಕೂತು ಕೂತು ಲೇಸ್ ಹಾಕಿದ ದಿಂಬುಗಳು... ಟ್ರಂಕಿಗೆ ಸೇರಿಸಿಬಿಡೋಣ ಅಂದುಕೊಂಡೆ. ಮನಸ್ಸು ಬರಲಿಲ್ಲ. ಬೂದು ದಿಂಬಿನ ಮೇಲೂ ಇವರ ತಲೆ ಚೆಂದವೇ.

ಎಲೀಷ. ಎಲೀಷ. ಎಲೀಷ. ಇಲ್ಲಿ ಬರೆಯಬಹುದು, ಬಾಯಲ್ಲಿ ಹೇಳುವಂತಿಲ್ಲ. ಇಂಗ್ಲಿಷ್ ಬಲ್ಲವರ ಮುಂದೆ ‘ಮೈ ಹಸ್ಬೆಂಡ್’ ಅಂತ ತಪ್ಪಿಸಿಕೊಳ್ಳುತ್ತೇನೆ. ಇಲ್ಲಿಯ ಹೆಂಗಸರ ಮುಂದೆ ‘ನಮ್ಮನೆಯವರು’. ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ.

ಮಿಷನ್ನಿನವರು ಇವರನ್ನು ಭದ್ರಾವತಿಗೆ ಕಳಿಸಿರುವುದು ಒಂದೇ ಕೆಲಸಕ್ಕೆ. ಕಬ್ಬಿಣದ ಕಾರ್ಖಾನೆಗೆಂದು ಎಲ್ಲೆಲ್ಲಿಂದಲೋ ಜನ ಬಂದಿದ್ದಾರೆ. ಅವರಲ್ಲಿ ಕ್ರೈಸ್ತರ ಮನೆಗಳೂ ಉಂಟು. ಕೂಡಿ ಆರಾಧಿಸುವ ಸಭೆ ಇಲ್ಲ, ಚರ್ಚಿಲ್ಲ. ಅದನ್ನು ಇವರು ಕಟ್ಟಬೇಕು. ಸದ್ಯಕ್ಕೆ ನಮ್ಮ ಚರ್ಚು ಅಂದರೆ ವ್ಯಾಪಾರಿ ಷಣ್ಮುಖಪ್ಪನವರಿಂದ ಬಾಡಿಗೆಗೆ ಹಿಡಿದ ಹಳೆಯ ಇದ್ದಿಲು ಗೋದಾಮು. ಹಿಂದಿನ ಎರಡು ಕೋಣೆ ನಮ್ಮ ಸಂಸಾರ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಒಳಗಿನಿಂದ ಕಪ್ಪು ಮೆಲ್ಲಗೆ ಮೇಲೆ ಬರುತ್ತದೆ – ಹಾಲಿನ ಮೇಲೆ ಕೆನೆ ಬಂದ ಹಾಗೆ.

ಸಂಜೆ ಕುಲುಮೆ ಬಾಯಿ ತೆರೆದರೆ ಆಕಾಶ ಕೆಂಪಗಾಗುತ್ತದೆ. ಬಂದ ಹೊಸತರಲ್ಲಿ, ಈ ಊರಿನಲ್ಲಿ ಸೂರ್ಯ ಎರಡು ಸಲ ಮುಳುಗುತ್ತಾನೆ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಳ್ಳುವುದು ಇಷ್ಟ.

೧೩ ಸೆಪ್ಟೆಂಬರ್

ಇವರು ಹಾರ್ಮೋನಿಯಂ ಹೊತ್ತು ಸಂತೆಯಲ್ಲಿ ಉಪದೇಶಕ್ಕೆ ಹೊರಟರು. ನಾನೂ ಹೋದೆ. ಪಶ್ಚಾತ್ತಾಪ, ವಿಮೋಚನೆ, ನಿತ್ಯಜೀವ... ಅದೆಂಥ ಕಂಠ. ಮೆಣಸಿನಕಾಯಿ ರಾಶಿಯ ಪಕ್ಕ ನಿಂತು ಕೇಳುತ್ತ ಎಲ್ಲೋ ತೇಲಿ ಹೋದೆ. ಸೀನು ಬಂದಾಗಲೇ ಎಚ್ಚರ.

ಮುಗಿದ ಮೇಲೆ ಹತ್ತಿರ ಬಂದವರು ಒಬ್ಬರೇ. ಎತ್ತಿನ ಗಾಡಿಯ ಅಲ್ಲಾಬಕ್ಷ್ ಸಾಬರು.

“ಬಹಳ ಚೆನ್ನಾಗಿತ್ತು ಉಪದೇಶಿಗಳೇ.”

“ಏನನ್ನಿಸ್ತು ಸಾಬರೇ?”

“ಮಾತು ನಮಗೆಲ್ಲಿ ತಿಳೀತದೆ. ಆ ಪೆಟ್ಟಿಗೆ ಮಾರೋ ಹಂಗಿದ್ರೆ ಹೇಳಿ. ನಮ್ಮ ಅಳಿಯ ನಾಟಕದೋರ ಹಿಂದೆ ತಿರುಗ್ತಾನೆ.”

ಮನೆಯವರೆಗೂ ನಕ್ಕೆ. ಇವರು ನಗಲಿಲ್ಲ. ಕೈ ಹಿಡಿದುಕೊಂಡೆ. ಆಗ ಸ್ವಲ್ಪ ನಕ್ಕರು.

೧೬ ಸೆಪ್ಟೆಂಬರ್, ಭಾನುವಾರ

ಒಂಬತ್ತಕ್ಕೆ ಆರಾಧನೆ. ಗಂಡಸರು ಬೆರಳೆಣಿಕೆ, ಹೆಂಗಸರೇ ಹೆಚ್ಚು. ಮುಗಿದ ಮೇಲೂ ಹೆಂಗಸರು ಚಾಪೆ ಬಿಟ್ಟು ಏಳಲಿಲ್ಲ. ನನ್ನನ್ನು ಹಿಡಿದು ಕೂರಿಸಿಕೊಂಡರು. ಕಥೆ ಹೇಳು ಅಂದರು. ಕಳೆದುಹೋದ ನಾಣ್ಯದ ಕಥೆ ಹೇಳಿದೆ. ಆ ಹೆಂಗಸು ದೀಪ ಹಚ್ಚಿದ್ದು, ಮನೆ ಗುಡಿಸಿದ್ದು, ಸಿಕ್ಕಿದ ಮೇಲೆ ನೆರೆಹೊರೆಯವರನ್ನು ಕರೆದು ಸಂತೋಷಪಟ್ಟದ್ದು.

ಹೂವಮ್ಮ ಕೇಳಿದರು, “ಕರೆದೋಳು ಬಾಯಿ ಒಣಗಿಸಿ ಕಳಿಸಿರ್ತಾಳಾ? ಪಾಯಸನಾದ್ರೂ ಮಾಡಿರ್ಬೇಕು.”

“ಮಾಡಿರಬಹುದು,” ಅಂದೆ.

“ಸಿಕ್ಕಿದ್ದು ಒಂದು, ಖರ್ಚಾಗಿದ್ದು ಮೂರು. ದೇವರ ಸಂಸಾರನೂ ನಮ್ಮನೆ ಹಂಗೇ ಇದೆ ಬಿಡು ಮಾರಾಯ್ತಿ.”

ಹೂವಮ್ಮ ವಿಧವೆ. ಮಗ ಯೋನ ಕುಲುಮೆಯಲ್ಲಿ ಕೆಲಸಕ್ಕಿದ್ದಾನೆ. ಹೂವಮ್ಮನಿಗೆ ದೀಕ್ಷಾಸ್ನಾನದಲ್ಲಿ ‘ಹನ್ನ’ ಅಂತ ಹೆಸರಿಟ್ಟರಂತೆ, ಯಾರೂ ಕರೆಯಲಿಲ್ಲವಂತೆ. ಸೊಸೆ ರೂತ್ ಬಸುರಿ. ಅತ್ತೆಯ ಬೆನ್ನ ಹಿಂದೆ ಮರೆಯಾಗಿ ಕೂತು, ಸೆರಗು ಕಚ್ಚಿಕೊಂಡು ನಗುತ್ತಿದ್ದಳು.

ಎಷ್ಟು ಚೆನ್ನಾಗಿತ್ತು. ಆದರೂ... ಹರಿದ ಚಾಪೆ, ಕರಿ ಗೋಡೆ. ಇದನ್ನು ಚರ್ಚು ಅನ್ನುವುದು ಹೇಗೆ? ಕಣ್ಣು ಮುಚ್ಚಿದರೆ ಬೆಂಗಳೂರಿನ ಚರ್ಚು. ಮೇಣದ ಪಾಲಿಶ್ ವಾಸನೆ. ಸಾಲು ಸಾಲು ಬೆಂಚು. ಬಣ್ಣದ ಗಾಜಿನಿಂದ ಇಳಿದ ಬೆಳಕು ಮುಂದಿನವರ ಜಡೆಯ ಮೇಲೆ ನೀಲಿಯಾಗಿ ಕೂತಿರುತ್ತಿತ್ತು. ಬಣ್ಣದ ಗಾಜು ಆಮೇಲೆ ನೋಡೋಣ. ಮೊದಲು ಬೆಂಚು ಬೇಕು.

೩ ಅಕ್ಟೋಬರ್. ಶಿವಮೊಗ್ಗ

ಮಾವನವರ ಮನೆಗೆ ಬಂದಿದ್ದೇವೆ. ಬೆಳಗ್ಗೆ ತುಂಗೆಯ ಮೇಲೆ ಮಂಜು. ಸೇತುವೆ ಅರ್ಧಕ್ಕೇ ಕರಗಿಹೋಗಿತ್ತು. ಇಬ್ಬರೂ ಅದರೊಳಗೆ ನಡೆದೆವು. ಆಚೆ ದಡ ಇಲ್ಲದಿದ್ದರೂ ಪರವಾಗಿಲ್ಲ ಅನ್ನಿಸಿತು.

ಆಮೇಲೆ ದೊಡ್ಡ ಪಾದ್ರಿಗಳ ಬಂಗಲೆ. ಇಂಗ್ಲೆಂಡಿನವರು. ಕನ್ನಡ ಅಚ್ಚುಕಟ್ಟು. ಶಿವಮೊಗ್ಗದ ಚರ್ಚಿಗೆ ಹೊಸ ಬೆಂಚು ಬರುತ್ತವೆ, ಹಳೆಯವು ಮೂಲೆಗೆ ಬೀಳುತ್ತವೆ ಅಂತ ಮೊದಲೇ ತಿಳಿದಿತ್ತು. ನಾನೇ ಬಾಯಿ ಬಿಟ್ಟು ಕೇಳಿದೆ. ಇವರು ಪಕ್ಕದಲ್ಲಿ ಬೆವರುತ್ತಿದ್ದರು.

“ಬೆಂಚುಗಳನ್ನು ಕೊಡುತ್ತೇನೆ ಸುಗುಣಮ್ಮ,” ಅಂದರು ಪಾದ್ರಿಗಳು. “ಡಿಸೆಂಬರಿನ ಮೊದಲನೆಯ ಭಾನುವಾರ ಬಂದು ನೋಡುತ್ತೇನೆ. ತುಂಬಿದ್ದರೆ ನಿಮಗೆ ಜಾಗ ಕೊಳ್ಳಲು ಕಮಿಟಿಗೆ ಬರೆಯುತ್ತೇನೆ. ತುಂಬದಿದ್ದರೆ ಭದ್ರಾವತಿಯನ್ನು ಮುಚ್ಚಿ ಎಲೀಷನನ್ನು ಇಲ್ಲಿಗೇ ಕರೆಸಿಕೊಳ್ಳಬೇಕಾಗುತ್ತದೆ. ಒಪ್ಪಿಗೆಯೇ?”

ಒಪ್ಪಿಗೆ ಅಂದೆ. ಎಷ್ಟು ಸುಲಭವಾಗಿ ಅಂದೆ.

ಹಿಂದಿರುಗುವ ರೈಲಿನಲ್ಲಿ, ನನ್ನ ಸೆರಗಿನ ಅಡಿಯಲ್ಲಿ ನನ್ನ ಕೈ ಇವರ ಕೈಯಲ್ಲಿತ್ತು. ಎದುರಿಗೆ ಕೂತ ಅಜ್ಜಿ ಎಲ್ಲ ನೋಡಿ ಕಿಟಕಿಯ ಕಡೆ ತಿರುಗಿಕೊಂಡರು. ಒಳ್ಳೆಯ ಅಜ್ಜಿ.

೧೩ ಅಕ್ಟೋಬರ್, ಶನಿವಾರ

ಬಂದವು. ಅಲ್ಲಾಬಕ್ಷ್ ಸಾಬರ ಎರಡು ಗಾಡಿ ತುಂಬ. ಸಾಗುವಾನಿ. ಎಣ್ಣೆ ಹಾಕಿ ಇಡೀ ದಿನ ಉಜ್ಜಿದೆ. ಸಾಲಾಗಿ ನಿಲ್ಲಿಸಿದರೆ ಗೋದಾಮು ಒಂದೇ ಸಲಕ್ಕೆ ಚರ್ಚಾಯಿತು. ಪ್ರತಿ ಬೆಂಚಿನ ಮೇಲೂ ಒಂದೊಂದು ಸಲ ಕೂತೆ. ಎಲ್ಲಿ ಕೂತರೂ ಇವರು ಕಾಣುತ್ತಾರೆ.

೧೪ ಅಕ್ಟೋಬರ್, ಭಾನುವಾರ

ಏನೋ ಸರಿಹೋಗಲಿಲ್ಲ.

ಜನ ಬಂದರು. ಬೆಂಚುಗಳನ್ನು ನೋಡಿದರು. ಬಾಗಿಲಲ್ಲೇ ನಿಂತರು. ಇವರು ಹೂವಮ್ಮನವರನ್ನು ಕೈ ತೋರಿ ಕರೆದು ಮುಂದೆ ಕೂರಿಸಿದರು. ಹೂವಮ್ಮ ಅಂಚಿನಲ್ಲಿ ಕೂತರು, ಈಗಲೋ ಆಗಲೋ ಏಳುವವರ ಹಾಗೆ. ರೂತ್ ಹಿಂದಿನ ಗೋಡೆಗೆ ಒರಗಿ ನಿಂತೇ ಇದ್ದಳು. ಬಾ ಅಂತ ಕಣ್ಣಲ್ಲೇ ಕರೆದೆ. ತಲೆ ಅಲ್ಲಾಡಿಸಿದಳು. ಫಿಟ್ಟರ್ ಮೇಸ್ತ್ರಿ ನಾಗಯ್ಯ ಬೆಂಚಿನ ಮೇಲೆ ಕೂತರು. ಅವರ ಕೈಕೆಳಗಿನ ಆಳುಗಳು ಗೋಡೆಗುಂಟ ನಿಂತರು. ಕೊನೆಗೆ ನಾಗಯ್ಯನೂ ಎದ್ದು ಹೋಗಿ ಕಿಟಕಿ ಹತ್ತಿರ ನಿಂತರು. ಕೂತವರಿಗಿಂತ ನಿಂತವರೇ ಹೆಚ್ಚು.

ಹೊಸದಲ್ಲವೇ... ನಾಚಿಕೆ. ಮುಂದಿನ ವಾರ ಸರಿಹೋಗುತ್ತದೆ.

೨೮ ಅಕ್ಟೋಬರ್

ಇನ್ನೂ ಕಡಿಮೆ. ಹೂವಮ್ಮ ಬರಲಿಲ್ಲ. ಜ್ವರ ಅಂದರು. ಇನ್ನೊಬ್ಬರು ಮನೆಗೆ ನೆಂಟರು ಬಂದಿದ್ದಾರೆ ಅಂದರು. ಬೆಂಚು ಮಾತ್ರ ಚೆನ್ನಾಗಿ ಹೊಳೆಯುತ್ತಿವೆ.

೪ ನವೆಂಬರ್

ಮೂವರು. ಅದರಲ್ಲಿ ನಾನೊಬ್ಬಳು.

ಇವರು ಊಟಕ್ಕೆ ಕೂತು ತಟ್ಟೆ ನೋಡುತ್ತಿದ್ದರು. “ನನ್ನ ಪ್ರಸಂಗದಲ್ಲೇ ಏನೋ ಕೊರತೆ ಸುಗುಣ,” ಅಂದರು. ಇಲ್ಲ ಅಂದೆ. ಮೊದಲನೇ ಸಲ ಕುಲುಮೆಯ ಕೆಂಪು ನೋಡಲು ಹಿತ್ತಿಲಿಗೆ ಹೋಗಲಿಲ್ಲ.

೮ ನವೆಂಬರ್, ಗುರುವಾರ

ಮಾವ ಬಂದಿದ್ದರು. ರೈಲಿನಿಂದ ನೇರವಾಗಿ, ಚಕ್ಕುಲಿ ಡಬ್ಬಿ ಹಿಡಿದು. ನಾನು ಕುರ್ಚಿಯಲ್ಲಿ ಕೂತು ಹೊಲಿಯುತ್ತಿದ್ದೆ. ಧಡಕ್ಕನೆ ಎದ್ದೆ.

“ಕೂತ್ಕೋಮ್ಮ, ಕೂತ್ಕೋ,” ಅಂದರು.

“ಪರವಾಗಿಲ್ಲ ಮಾವ.”

ಬಾಗಿಲ ಬದಿಗೆ ನಿಂತೆ. ಅವರು ಕಾಫಿ ಕುಡಿದರು, ಊರಿನ ಸುದ್ದಿ ಹೇಳಿದರು, ಮತ್ತೆ ಎರಡು ಸಲ ಕೂತ್ಕೋ ಅಂದರು. ಪರವಾಗಿಲ್ಲ, ಪರವಾಗಿಲ್ಲ. ಅವರು ಹೊರಟ ಮೇಲೆ ಇವರು ನಕ್ಕರು. “ಕಾಲು ನೋಯ್ಲಿಲ್ವಾ? ಅಷ್ಟು ಹೊತ್ತು ನಿಂತೇ ಇದ್ದೆ. ಕುರ್ಚಿ ಇನ್ನೊಂದಿತ್ತಲ್ಲ.”

ಕುರ್ಚಿ ನೋಡಿದೆ. ಖಾಲಿ. ಅದು ಅಲ್ಲಿದೆ ಅಂತಲೇ ನನಗೆ ಹೊಳೆದಿರಲಿಲ್ಲ. ನಿಲ್ಲು ಅಂತ ಯಾರೂ ಹೇಳಿರಲಿಲ್ಲ. ಕೂರು ಅಂತಲೇ ಹೇಳಿದ್ದರು. ಬೋರ್ಡಿಂಗಿನ ಅಷ್ಟೂ ವರ್ಷದ ಇಂಗ್ಲಿಷ್ ನನ್ನ ಮಂಡಿಯವರೆಗೆ ಇಳಿದೇ ಇಲ್ಲ.

ರೂತ್. ಗೋಡೆಗೆ ಒರಗಿ ನಿಂತಿದ್ದ ರೂತ್.

ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಓಡಿದೆ.

ಸಂಜೆ

ಹೂವಮ್ಮನಿಗೆ ಜ್ವರವಿಲ್ಲ. ಮೊದಲು ಕುಡಿಯಲು ನೀರು ಕೊಟ್ಟರು. ಆಮೇಲೆ ಹೇಳಿದರು – “ನಾನು ಬೆಂಚಿನ ಮೇಲೆ ಕೂತ್ರೆ ಇವಳು ನಿಲ್ತಾಳೆ. ಬಸುರಿ ಹೆಂಗಸು ಅಷ್ಟು ಹೊತ್ತು ನಿಂತ್ರೆ ಏನಾಗ್ಬೇಕು? ನಾನು ನಿಂತ್ರೆ ಉಪದೇಶಿಗಳು ಬಿಡಲ್ಲ, ಕೈಸನ್ನೆ ಮಾಡ್ತಾರೆ. ಅದಕ್ಕೇ ಬರೋದು ಬಿಟ್ಟೆ.”

“ಅವಳೂ ಕೂರಬಹುದಿತ್ತಲ್ಲ.”

ರೂತ್ ಅಂದಳು, “ಅತ್ತೆ ಸಮಕ್ಕೆ ಕೂರೋದಾ ಅಕ್ಕಾ?”

“ಕೆಳಗಾದ್ರೂ ಕೂರಬಹುದಿತ್ತು.”

“ಎಲ್ಲಿ? ಬೆಂಚಿನ ಕಾಲ ಸಂದೀಲಾ?”

ಹೂವಮ್ಮ ನಕ್ಕರು. ನನಗೆ ಅಳು. ಚಾಪೆಯ ಮೇಲೆ ಅತ್ತೆಯ ಬೆನ್ನ ಹಿಂದೆ ಒಂದು ಜಾಗವಿತ್ತು. ಮೇಸ್ತ್ರಿಯಿಂದ ಒಂದು ಗೇಣು ಸರಿದು ಕೂತರೆ ಆಳಿನ ಮರ್ಯಾದೆಗೆ ಸಾಕಾಗಿತ್ತು. ಎಲ್ಲರೂ ಅವರವರ ಜಾಗ ಅವರೇ ಹೊಂದಿಸಿಕೊಂಡು, ಒಂದೇ ನೆಲದ ಮೇಲೆ ಕೂತಿದ್ದರು. ನಾನು ಬೆಂಚು ತಂದು ನಿಮ್ಮ ಲೆಕ್ಕ ನೀವೇ ಹೇಳಿ ಅಂತ ಎಲ್ಲರನ್ನೂ ಎದ್ದು ನಿಲ್ಲಿಸಿದೆ.

೯ ನವೆಂಬರ್

ಹೇಳಿದೆ. ಬೆಂಚು ಹೊರಗೆ ಹಾಕೋಣ ಅಂದೆ.

“ಚರ್ಚಿನ ಬೆಂಚನ್ನ ಹೊರಗೆ ಹಾಕೋದಾ?”

“ಜನರನ್ನ ಹೊರಗೆ ಹಾಕಿದೀವಲ್ಲ.”

“ಪಾದ್ರಿಗಳು ಬೆಂಚು ತುಂಬಿಸು ಅಂದಿದ್ದಾರೆ ಸುಗುಣ. ಒಪ್ಪಿಕೊಂಡು ಬಂದೋಳು ನೀನೇ.”

“ಹೌದು, ನಾನೇ. ಈಗ ತಪ್ಪು ಅಂತಿರೋಳೂ ನಾನೇ.”

“ಒಂದು ದಿನ ತರೋದು, ಒಂದು ದಿನ ಎಸೆಯೋದು. ಇದೇನು ಬೊಂಬೆಮನೆಯಾ?”

ನಮ್ಮ ಮೊದಲ ಜಗಳ. ಇಷ್ಟೊಂದು ತಣ್ಣಗಿರುತ್ತದೆ ಅಂತ ಗೊತ್ತಿರಲಿಲ್ಲ.

೧೩ ನವೆಂಬರ್

ನಾಲ್ಕು ದಿನವಾಯಿತು. ಉಪ್ಪು ಬೇಕೇ ಅಂದರೆ ಹೂಂ.

೧೫ ನವೆಂಬರ್, ಬೆಳಗ್ಗೆ

ಏನೋ ಎಳೆಯುವ ಸದ್ದಿಗೆ ಎಚ್ಚರವಾಯಿತು. ಕನಸೆಂದು ಮಲಗಿದೆ. ಮತ್ತೆ ಸದ್ದು. ಎದ್ದು ನೋಡಿದರೆ ಮಂಜಿನಲ್ಲಿ ಇವರು, ಬೆಂಚಿನ ಒಂದು ತುದಿ ಹಿಡಿದು, ಒಬ್ಬರೇ ಬಾಗಿಲು ದಾಟಿಸುತ್ತಿದ್ದಾರೆ. ಬೆಂಚು ಹೊಸ್ತಿಲಿಗೆ ಸಿಕ್ಕಿಕೊಂಡಿದೆ. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಎಲ್ಲವನ್ನೂ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಇಟ್ಟೆವು. ಆಮೇಲೆ ಅದರ ಮೇಲೆ ನಾವಿಬ್ಬರೇ ಕೂತೆವು. ಭುಜಕ್ಕೆ ಭುಜ. ಮಂಜಿನೊಳಗಿನಿಂದ ಕಾರ್ಖಾನೆಯ ಸಿಳ್ಳೆ ಎಲ್ಲೋ ದೂರದ ಹಡಗಿನ ಹಾಗೆ ಕೇಳಿತು. ನಾನು ಹಡಗು ನೋಡಿಯೇ ಇಲ್ಲ.

೨೧ ನವೆಂಬರ್

ವಿಚಿತ್ರ. ಒಳಗೆ ಯಾರೂ ಕೂರದ ಬೆಂಚು ಹೊರಗೆ ಒಂದು ಗಳಿಗೆ ಖಾಲಿ ಇರುವುದಿಲ್ಲ. ನಮ್ಮ ರಸ್ತೆ ಕಾರ್ಖಾನೆ ಗೇಟಿಗೆ ಹೋಗುವ ದಾರಿ. ಪಾಳಿಗೆ ಹೊರಟವರು, ಪಾಳಿ ಮುಗಿಸಿದವರು, ಬುತ್ತಿ ತಂದ ಹೆಂಗಸರು. ರಸ್ತೆಯ ಬೆಂಚಿಗೆ ಯಾರ ಹಂಗೂ ಇಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು. ಅಲ್ಲಾಬಕ್ಷ್ ಸಾಬರಂತೂ ಎತ್ತು ಬಿಚ್ಚಿ ಉದ್ದಕ್ಕೂ ಮಲಗುತ್ತಾರೆ.

ಇವರು ಹಾರ್ಮೋನಿಯಂ ಒಳಗಿಟ್ಟು ಅಲ್ಲೇ ಹೋಗಿ ಕೂರುತ್ತಾರೆ. ಉಪದೇಶವಿಲ್ಲ. ಕೇಳುತ್ತಾರೆ. ನಿನ್ನೆ ನಾಗಯ್ಯ ಹೇಳುತ್ತಿದ್ದರು, “ಒಂಬತ್ತು ಗಂಟೆಗೆ ನಿಮ್ಮ ಗಂಟೆ ಬಾರಿಸ್ತೀರಿ ಸ್ವಾಮಿ. ಆ ಹೊತ್ತಿಗೆ ದೇವರು ಕರೆದ್ರೂ ಫರ್ನೇಸು ಬಿಡ್ಬೇಕಲ್ಲ.”

ಇಷ್ಟು ತಿಂಗಳು ಇದನ್ನು ಒಬ್ಬರನ್ನೂ ಕೇಳಿರಲಿಲ್ಲ ನಾವು. ಭಾನುವಾರದ ಆರಾಧನೆ ಇನ್ನು ಮೇಲೆ ಎರಡೂವರೆಗೆ. ಬೆಳಗಿನ ಪಾಳಿ ಮುಗಿಯುವ ಎರಡರ ಸಿಳ್ಳೆಯಾಗಿ, ಕೈಕಾಲು ತೊಳೆದು ಬರುವಷ್ಟು ಹೊತ್ತು ಬಿಟ್ಟು.

೨೫ ನವೆಂಬರ್, ಭಾನುವಾರ

ಚಾಪೆ ಸಾಲಲಿಲ್ಲ. ನನ್ನ ಹಾಸಿಗೆಯ ಜಮಖಾನವನ್ನೂ ತಂದು ಹಾಸಿದೆ. ಗಂಡಸರು ಬುತ್ತಿ ಡಬ್ಬಿ ಹಿಡಿದೇ ಬಂದರು. ಬೆವರು, ಸೋಪು, ಇದ್ದಿಲು – ಮೇಣದ ಪಾಲಿಶ್ ನೆನಪಾಗಲೇ ಇಲ್ಲ. ರೂತ್ ತನ್ನ ಹಳೆಯ ಜಾಗದಲ್ಲಿ. ಇವರೂ ಕೂತೇ ಮಾತಾಡಿದರು. ನಡುವೆ ಹೂವಮ್ಮ ಏನೋ ಕೇಳಿದರು, ಇವರು ನಿಲ್ಲಿಸಿ ಉತ್ತರ ಕೊಟ್ಟರು. ಪ್ರಸಂಗದ ಮಧ್ಯೆ ಮಾತಾಡಬಾರದು ಅಂತ ಯಾರಿಗೂ ನೆನಪಿರಲಿಲ್ಲ.

ಸಮಯ ಬದಲಾದದ್ದನ್ನು ಪಾದ್ರಿಗಳಿಗೆ ಬರೆಯೋಣ ಅಂದೆ. “ಬಂದು ಕಣ್ಣಾರೆ ನೋಡ್ಲಿ,” ಅಂದರು. ಅಷ್ಟು ಸಂತೋಷದಲ್ಲಿದ್ದರು.

೨ ಡಿಸೆಂಬರ್, ಭಾನುವಾರ

ದೊಡ್ಡ ಪಾದ್ರಿಗಳು ಒಂಬತ್ತಕ್ಕೆ ಸರಿಯಾಗಿ ಬಂದರು.

ಒಳಗೆ ಯಾರೂ ಇಲ್ಲ. ಹಾಸಿದ ಚಾಪೆ. ಹೊರಗೆ ಬೆಂಚಿನ ಮೇಲೆ ಬೀಡಿ ಸೇದುವವರು. ಸಾಬರು ನಿದ್ದೆಯಲ್ಲಿ.

ಇವರು ಎಲ್ಲ ಹೇಳಿದರು. ಎರಡೂವರೆಯವರೆಗೆ ಇರಿ ಅಂತ ಬೇಡಿಕೊಂಡರು. ನಾನೂ ಬೇಡಿಕೊಂಡೆ. ಸಂಜೆ ಶಿವಮೊಗ್ಗದಲ್ಲಿ ಅವರ ಆರಾಧನೆ, ಎರಡರ ರೈಲು ತಪ್ಪಿದರೆ ಆಗದು. ಕೋಪವಿರಲಿಲ್ಲ. ಕೋಪವಿದ್ದರೆ ಚೆನ್ನಾಗಿತ್ತು. ಪ್ಲಾಟ್‌ಫಾರಂ ಮೇಲೆ ಇವರ ಭುಜ ಮುಟ್ಟಿದರು.

“ನಿನ್ನ ಶ್ರಮ ನನಗೆ ತಿಳಿದಿದೆ ಎಲೀಷ. ಆದರೆ ದೇವಾಲಯದ ಬೆಂಚುಗಳು ಬೀದಿಯಲ್ಲಿವೆ. ಇದನ್ನು ಸಭೆಯೆಂದು ನಾನು ಕಮಿಟಿಗೆ ಹೇಗೆ ಬರೆಯಲಿ? ಜನವರಿಯಿಂದ ಶಿವಮೊಗ್ಗಕ್ಕೆ ಬಾ.”

ರೈಲು ಚಲಿಸಿತು. ಅದೇ ಹೊತ್ತಿಗೆ ಕಾರ್ಖಾನೆಯ ಸಿಳ್ಳೆ. ಓಡಿ ಬಂದೆವು. ಗೋದಾಮು ತುಂಬಿತ್ತು, ಹೊಸ್ತಿಲವರೆಗೆ. ಇವರು ನೇರ ಹೋಗಿ ಮುಂದೆ ಕೂತರು. ಹಾಡು ಶುರು ಮಾಡಿದರು.

೬ ಡಿಸೆಂಬರ್

ಮಾವ ಸುದ್ದಿ ಕಳಿಸಿದ್ದಾರೆ. ನಮಗೆ ಕೊಡುವ ಮನೆ ತುಂಗೆಯ ಹತ್ತಿರ. ಗುಲಾಬಿ ಪಾತಿ ಇದೆಯಂತೆ, ಎರಡು ಕಿಟಕಿ ಹೊಳೆಯ ಕಡೆಗೆ. ಇಲ್ಲಿ ಸುಳ್ಳು ಬರೆಯಲಾರೆ. ನನಗೆ ಆಸೆಯಾಗಿದೆ. ಮಧ್ಯಾಹ್ನ ಕಣ್ಣು ಹತ್ತಿದರೆ ಆ ಮನೆಯೊಳಗೇ ಓಡಾಡುತ್ತೇನೆ. ಎಲ್ಲ ಬೆಳ್ಳಗೆ. ಇವರು ಕಿಟಕಿಯಲ್ಲಿ ಓದುತ್ತ ಕೂತಿದ್ದಾರೆ. ಮಾತಾಡಿಸಿದರೆ ತಿರುಗುವುದಿಲ್ಲ.

೧೧ ಡಿಸೆಂಬರ್

ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತೆ ಕೆಲಸ ಖಾಲಿಯಿದೆಯಂತೆ. ನಾಗಯ್ಯ ಬೆಂಚಿನ ಮೇಲೆ ಸುಮ್ಮನೆ ಹೇಳಿ ಹೋದರಂತೆ.

“ಮಿಷನ್ ಬಿಟ್ಟರೆ ಸಂಬಳ ನಿಲ್ಲುತ್ತೆ. ಉಪದೇಶಿ ಅನ್ನೋ ಹೆಸರೂ ಹೋಗುತ್ತೆ,” ಅಂದರು ಇವರು. “ಮುಂದೆ ಪಾದ್ರಿಯಾಗೋ ಆಸೆನೂ. ಅಪ್ಪನಿಗೆ ಬೇಜಾರಾಗುತ್ತೆ. ನಿನಗೆ ಆ ಮನೆ...”

“ಸಭೆ?”

“ಸಭೆ ಇರುತ್ತೆ. ಅದಕ್ಕೇ ಕೇಳ್ತಿರೋದು.”

ಒಂದು ದಿನ ಕೊಡಿ ಅಂದೆ. ಹೊಳೆಯ ಕಡೆ ನಡೆದುಕೊಂಡು ಹೋದೆ. ಭದ್ರೆ ಹೊಗೆ ಬಣ್ಣದಲ್ಲಿ ಹರಿಯುತ್ತಿತ್ತು. ರೂತ್ ಎದುರಾದಳು, ಬಿಂದಿಗೆ ಹೊತ್ತು. “ಕ್ರಿಸ್ಮಸ್‌ಗೆ ಎಲ್ಲಾರೂ ಸೇರಿ ಕಜ್ಜಾಯ ಮಾಡೋಣ್ವಾ ಅಕ್ಕಾ? ಅತ್ತೆ ಅಕ್ಕಿ ನೆನೆಹಾಕ್ತಾರಂತೆ.” ಹೂಂ ಅಂದೆ. ಹೂಂ ಅಂದ ಮೇಲೆ ತಿಳಿಯಿತು, ಇನ್ನು ಒಂದು ದಿನ ಬೇಕಾಗಿಲ್ಲ ಅಂತ.

೧೫ ಡಿಸೆಂಬರ್

ಬೆಂಚುಗಳು ಮೊನ್ನೆ ಶಿವಮೊಗ್ಗಕ್ಕೆ ವಾಪಸು ಹೋದವು. ಮಿಷನ್ನಿನ ಆಸ್ತಿ, ಇಟ್ಟುಕೊಳ್ಳುವ ಹಾಗಿಲ್ಲ. ಗೋದಾಮಿನ ಬಾಡಿಗೆ ಇನ್ನು ಮೇಲೆ ನಮ್ಮದೇ. ಅಲ್ಲಾಬಕ್ಷ್ ಸಾಬರು ಹಗ್ಗ ಬಿಗಿಯುತ್ತ ಬೈದುಕೊಂಡರು. “ನೀವು ತರಿಸ್ತೀರಿ, ಹೊರಗೆ ಹಾಕ್ತೀರಿ, ವಾಪಸು ಕಳಿಸ್ತೀರಿ. ನನ್ನ ಎತ್ತು ಕ್ರಿಸ್ತಾನ್ರಾಗಿ ಬಿಡ್ತಾವೆ ನೋಡಿ.” ಇಂದು ಬರುವಾಗ ಖಾಲಿ ಗಾಡಿಯಲ್ಲಿ ಎರಡು ಚಪ್ಪಡಿ ಕಲ್ಲು ಹಾಕಿಕೊಂಡು ಬಂದರು. ಮರದ ಕೆಳಗೆ ತಾವೇ ನಿಂತು ಇಳಿಸಿದರು. ಬಾಡಿಗೆ ಕೇಳಲಿಲ್ಲ. “ನಾನು ಮಲಗೋಕೆ,” ಅಂದರು.

ಮಾವ ಮಾತು ಬಿಟ್ಟಿದ್ದಾರೆ.

೬ ಜನವರಿ ೧೯೩೫, ಭಾನುವಾರ. ಮಧ್ಯಾಹ್ನ

ಇಷ್ಟು ದಿನ ಬರೆಯಲಾಗಲಿಲ್ಲ. ಕಜ್ಜಾಯ, ಹಾಡು, ಇವರಿಗೆ ಖಾಕಿ ಅಂಗಿ ಹೊಲಿದದ್ದು. ಕೊರಳ ಪಟ್ಟಿ ಓರೆ. ಆದರೂ ಎಷ್ಟು ಚೆಂದ.

ಇವರು ಟೈಮ್ ಆಫೀಸಿಗೆ ಸೇರಿ ಮೊದಲ ಭಾನುವಾರ. ಬೆಳಗಿನ ಪಾಳಿ. ಎರಡಕ್ಕೆ ಎಲ್ಲರ ಜೊತೆ ಗೇಟು ದಾಟಿ ಬರಬೇಕು, ಬಂದು ಆರಾಧನೆ ನಡೆಸಬೇಕು. ಎರಡರ ಸಿಳ್ಳೆಯಾಯಿತು. ಎರಡೂವರೆಯೂ ಆಯಿತು. ಒಳಬಾಗಿಲಲ್ಲಿ ಕೂತು, ರಸ್ತೆ ನೋಡುತ್ತ ಬರೆಯುತ್ತಿದ್ದೇನೆ. ಗೋದಾಮು ತುಂಬಿದೆ. ರೂತ್ ಈಗ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾಳೆ, ದಿನ ತುಂಬಿದೆ.

ನಾಗಯ್ಯ ಬಂದರು. ಎರಡನೇ ಪಾಳಿಯ ಗುಮಾಸ್ತೆ ಬಂದಿಲ್ಲವಂತೆ, ಇವರು ಅಲ್ಲೇ ಉಳಿದಿದ್ದಾರಂತೆ. “ಕಾಯೋದು ಬೇಡ ಅಂತ ಹೇಳಿ ಕಳ್ಸಿದ್ರು. ಸುಗುಣಗೆ ಹೇಳಿ ಅಂದ್ರು.” ಅಷ್ಟೇ. ಹೇಳಿ ನಾಗಯ್ಯ ಹೋಗಿ ಚಾಪೆಯ ಮೇಲೆ ಕೂತುಬಿಟ್ಟರು.

ನನಗೆ ಏನು ಹೇಳಬೇಕಿತ್ತು? ಇವರು ಬರುವುದಿಲ್ಲ ಅಂತಲೋ, ಆರಾಧನೆ ನೀನೇ ನಡೆಸು ಅಂತಲೋ?

ಎಲ್ಲರೂ ಈ ಕಡೆಗೇ ನೋಡುತ್ತಿದ್ದಾರೆ. ಗಂಡಸರೂ. ಹೂವಮ್ಮ ಪಕ್ಕಕ್ಕೆ ಸರಿದು, ಮುಂದೆ, ಇವರು ಕೂರುವ ಜಾಗವನ್ನು ಅಂಗೈಯಿಂದ ಒರೆಸಿದರು. “ಬರ್ಕೊಂಡಿದ್ದು ಸಾಕು ಬಾ ಮಾರಾಯ್ತಿ. ರಾಗಿ ಮುದ್ದೆ ಒಲೆ ಮೇಲಿಟ್ಟು ಬಂದಿಲ್ಲ, ನಿಧಾನಕ್ಕೇ ಹೇಳು. ಆದ್ರೆ ಶುರು ಮಾಡು.”

ಯಾವ ಕಥೆ, ಯಾವ ಹಾಡು, ಮೊದಲು ಪ್ರಾರ್ಥನೆಯೋ... ಗೊತ್ತಿಲ್ಲ. ಎದ್ದೆ. ಹೋಗಿ ಅಲ್ಲಿ ಕೂರುತ್ತೇನೆ.